ಎರಡನೇ ಡಬ್ಬಿ ತಂದ ಸಿದ್ದವ್ವ

ಒಂದೇ ಪ್ರಿಂಟಿನಲ್ಲಿ ಎರಡು ಊರಿನ ಜನರಿಗೆ ಸಿನಿಮಾ ತೋರಿಸುತ್ತಿದ್ದ ಕಾಲವದು. ಹುನಗುಂದದ ಟಾಕೀಸಿನಲ್ಲಿ ಮ್ಯಾಟಿನಿ ಮೊದಲು ಶುರುವಾಗುತ್ತಿತ್ತು. ಅಲ್ಲಿ ಮೊದಲರ್ಧ ಮುಗಿದ ಕೂಡಲೇ ಆ ರೀಲುಗಳ ಡಬ್ಬಿ ಮೋಟಾರ್‌ಸೈಕಲ್ ಏರಿ ಇಳಕಲ್ಲಿಗೆ ಬರಬೇಕು, ನಮ್ಮಲ್ಲಿ ಆಟ ಶುರುವಾಗಬೇಕು. ಗಾಡಿ ಮತ್ತೆ ಹುನಗುಂದಕ್ಕೆ ಓಡಿ, ನಮ್ಮ ಇಂಟರ್ವಲ್ ಮುಗಿಯುವುದರೊಳಗೆ ಉಳಿದರ್ಧದ ಡಬ್ಬಿ ತರಬೇಕು. ನಾನು ಇಳಕಲ್ಲಿನ ಟಾಕೀಸಿನ ಆಪರೇಟರ್. ಡಬ್ಬಿ ತಡವಾದರೆ ಜನ ಹಿಂದಕ್ಕೆ ತಿರುಗಿ, ನನ್ನ ಕಿಂಡಿ ನೋಡಿ, ನನ್ನ ಮನೆತನವನ್ನೆಲ್ಲ ನೆನೆಯುತ್ತಿದ್ದರು. ಪರದೆಯ ಮೇಲೆ ಚಿತ್ರ ಚೆನ್ನಾಗಿ ಬಂದಾಗ ಒಬ್ಬನೂ ಹಿಂದೆ ತಿರುಗಿದ್ದು ನಾನು ಕಾಣೆ.

ಡಬ್ಬಿ ತರುವವನು ಶಂಕ್ರಪ್ಪ. ಎಂಬತ್ತೆರಡರ ಮಳೆಗಾಲದಲ್ಲಿ ಬಿದ್ದು ಕಾಲು ಮುರಿದುಕೊಂಡ. ನಮ್ಮ ಮಾಲೀಕರು ಸಂಗಯ್ಯನವರು ಬೇರೆಯವನನ್ನು ಗೊತ್ತು ಮಾಡಲು ಹೊರಟಾಗ, ಶಂಕ್ರಪ್ಪನ ಹೆಂಡತಿ ಸಿದ್ದವ್ವ ಬಂದು ಎದುರು ನಿಂತಳು.

"ಡಬ್ಬಿ ನಾ ತರ್ತೇನ್ರಿ. ಗಾಡಿ ನಂಗ ಬರ್ತೈತಿ."

"ಹೆಣ್ಣಮಗಳು ನೀ. ಹಾದಿ ಹೆಂಗೈತಿ ನೋಡಿಯೇನ?"

"ಗಂಡಸರಿಗೂ ಅದ ಹಾದಿ ಐತಲ್ರಿ."

"ಶುಕ್ರಾರ ಒಂದ ದಿನ ನೋಡ್ತೇನಿ. ತಡಾ ಆತಂದ್ರ ಮರುದಿನದಿಂದ ಬ್ಯಾರೆ ಮನಷಾ ಬರ್ತಾನ. ಆಮ್ಯಾಲೆ ನನ್ನ ಬೈಬ್ಯಾಡ," ಎಂದರು ಸಂಗಯ್ಯನವರು. ಈ ಕೆಲಸ ತಪ್ಪಿದರೆ ಅವಳ ಮನೆಯ ಒಲೆ ಹೊತ್ತುವುದಿಲ್ಲ ಎಂಬುದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಆ ಮಾತಿಗೆ ನನಗೆ ಸಿಟ್ಟು ಬಂತು. ಆದರೆ ಸಂಬಳ ಕೊಡುವವರ ಮುಂದೆ ಸಿಟ್ಟು ಒಳಗೇ ಇರುತ್ತದೆ.

ಗಾಡಿ ಹಳೆಯದು. ಕೀಲಿ ಹಾಕುವ ಜಾಗ ಎಂದೋ ಕೆಟ್ಟುಹೋಗಿತ್ತು. ಮೆಕ್ಯಾನಿಕ್ ಅಹ್ಮದಸಾಬ ಗೋಡೆಗೆ ಹಾಕುವ ದೀಪದ, ಮೂತಿ ಚಾಚಿದ ಕರಿ ಸ್ವಿಚ್ಚೊಂದನ್ನು ತಂದು, ಪೆಟ್ರೋಲ್ ಟ್ಯಾಂಕಿನ ಹಿಂದೆ, ಸೀಟಿನ ಮುಂದೆ ಕೂರಿಸಿಬಿಟ್ಟಿದ್ದ. ತನ್ನ ಕಡೆ ಎಳೆದುಕೊಂಡರೆ ಇಂಜಿನ್ ಚಾಲೂ, ಮುಂದಕ್ಕೆ ತಳ್ಳಿದರೆ ಬಂದ್.

ಶುಕ್ರವಾರ ಬಂತು. ಹೆದ್ದಾರಿಯಲ್ಲಿ ಹಳ್ಳದ ಸೇತುವೆ ಕಿತ್ತು ಕೆಲಸ ನಡೆಸಿದ್ದರು. ಗಾಡಿಗಳೆಲ್ಲ ಕಲ್ಲಿನ ಕ್ವಾರಿಗಳ ನಡುವಿನ ಜಾಡಿನಲ್ಲಿ ಬಳಸಿ ಬರಬೇಕಾಗಿತ್ತು. ಸಿದ್ದವ್ವ ಕಚ್ಚೆ ಹಾಕಿ ಸೀರೆ ಉಟ್ಟು, ಮೊದಲ ಡಬ್ಬಿಯನ್ನು ಹೇಳಿದ ಹೊತ್ತಿಗಿಂತ ಮುಂಚೆಯೇ ತಂದು ಕೊಟ್ಟಳು. ಸಂಗಯ್ಯನವರು ಕೈಗಡಿಯಾರ ನೋಡಿ ಟಿಕೀಟಿನ ಕಿಂಡಿಯ ಕಡೆ ನಡೆದರು.

ಫಜೀತಿಯಾದದ್ದು ಎರಡನೇ ಸಲ. ಹುನಗುಂದದ ಟಾಕೀಸಿನ ಮಾಲೀಕರ ಮನೆ ಟಾಕೀಸಿನ ಹಿಂದೆಯೇ. ಅವರ ಹೆಂಡತಿ ಗುರುಲಿಂಗವ್ವ ಬಾಗಿಲಿಗೆ ಬಂದು ಸಿದ್ದವ್ವನನ್ನು ತಡೆದರು.

"ಶುಕ್ರಾರ ಬಂದ ಮುತ್ತೈದಿ, ಬರೀ ಉಡೀಲೆ ಹೋಗ್ತಿಯೇನ? ಒಳಗ ಬಾ."

"ತಡಾ ಆಕ್ಕೈತ್ರಿ, ಅವ್ವಾರ."

"ಉಡಿ ತುಂಬಾಕ ಎಷ್ಟೊತ್ತ ಬೇಕ?"

ಇಲ್ಲವೆನ್ನಲು ಬರುತ್ತದೆಯೇ? ಸೆರಗು ಒಡ್ಡಿದಳು. ಅಕ್ಕಿ, ಎಲೆ ಅಡಿಕೆ, ಅರಿಷಿಣ ಕೊಂಬು, ಕುಪ್ಪಸಕ್ಕೆ ಗುಳೇದಗುಡ್ಡದ ಖಣ, ಮೇಲೊಂದು ತೆಂಗಿನಕಾಯಿ ಬಿತ್ತು. ಕಾಯಿ ದೊಡ್ಡದೇ, ಗುರುಲಿಂಗವ್ವನವರ ಕೈ ಯಾವತ್ತೂ ಧಾರಾಳ. ಹೀಗೆ ತುಂಬಿದ ಉಡಿಯನ್ನು ಮನೆ ದೇವರ ಮುಂದೆ ಬಿಚ್ಚುವ ತನಕ ಇಳಿಸುವಂತಿಲ್ಲ. ಹೊಟ್ಟೆಯ ಮುಂದೆ ಬಿಗಿದು ಕಟ್ಟಿಕೊಂಡು ಗಾಡಿ ಹತ್ತಿದಳು.

ಕ್ವಾರಿಯ ಏರಿನಲ್ಲಿ, ಒಡೆದ ಕೆಂಪು ಕಲ್ಲಿನ ಚೂರುಗಳ ಮೇಲೆ ಗಾಡಿ ಕುಣಿಯಿತು. ಸಿದ್ದವ್ವ ಸೀಟಿನಿಂದ ಎದ್ದು ಟ್ಯಾಂಕಿನ ಕಡೆ ಜಾರಿದಳು. ಇಂಜಿನ್ ಪಟ್ಟನೆ ನಿಂತಿತು.

ಕಿಕ್ ಹೊಡೆದಳು. ಮತ್ತೆ ಹೊಡೆದಳು. ಟ್ಯಾಂಕ್ ಅಲುಗಾಡಿಸಿದರೆ ಒಳಗೆ ಪೆಟ್ರೋಲು ಕುಲುಕಿತು. ಕೂತಲ್ಲೇ ಬಗ್ಗಿ ಪ್ಲಗ್ ಬಿಚ್ಚಿ ಸೀರೆಯ ಅಂಚಿನಲ್ಲಿ ಒರೆಸಿ ಹಾಕಿದಳು. ಏನೂ ಆಗಲಿಲ್ಲ. ಅಲ್ಲಿ ನರಪಿಳ್ಳೆ ಇಲ್ಲ. ಹಿಂದೆ ಕಟ್ಟಿದ ಡಬ್ಬಿ ನೋಡಿದಾಗ ಅಳು ಬಂತಂತೆ. ಅತ್ತರೆ ಗಾಡಿ ಚಾಲೂ ಆಗುವುದಿಲ್ಲವೆಂದು ಅಳಲಿಲ್ಲವಂತೆ. ಹಾಗೆಂದು ಅವಳೇ ನನಗೆ ಹೇಳಿದ್ದು.

ಕೆಳಗಿನ ವೈರುಗಳನ್ನು ನೋಡೋಣವೆಂದು ಬಗ್ಗಿದಳು. ಉಡಿ ಅಡ್ಡ ಬಂತು. ಅದನ್ನು ಪಕ್ಕಕ್ಕೆ ಸರಿಸಿದರೆ ಕಂಡದ್ದು ಅಹ್ಮದಸಾಬನ ಸ್ವಿಚ್ಚು, ಮುಂದಕ್ಕೆ ಮಲಗಿದೆ! ಕಾಯಿ ಗುದ್ದಿ ಬಂದ್ ಮಾಡಿತ್ತು. ಮಾಡಿದ್ದು ಕಾಣದಂತೆ ಉಡಿ ಅದರ ಮೇಲೆಯೇ ಕೂತಿತ್ತು. ಊರೆಲ್ಲ ಹುಡುಕಿ ತನ್ನ ಹೊಟ್ಟೆಯ ಕೆಳಗೆ ನೋಡುವುದನ್ನು ಮರೆತಿದ್ದಕ್ಕೆ ಅವಳಿಗೆ ನಗು ಬಂತು.

ಸ್ವಿಚ್ಚು ಎಳೆದ ಮಾತ್ರಕ್ಕೆ ಮುಗಿಯಲಿಲ್ಲ. ಮುಂದಿನ ಕಲ್ಲಿಗೆ ಮತ್ತೆ ಗುದ್ದುತ್ತದೆ. ಕಾಯಿ ಬಿಸಾಡುವಂತಿಲ್ಲ. "ಅವ್ವಾ ಬನಶಂಕರಿ, ಅಕ್ಕಿ ಕಾಯಿ ಹಂಗ ಇರ್ಲಿ, ಖಣ ಅಷ್ಟ ತಗೋತೇನಿ," ಎಂದು ಹೊಸ ಖಣವನ್ನು ಹುರಿ ಮಾಡಿ, ಸ್ವಿಚ್ಚಿನ ತುದಿಗೆ ಸುತ್ತಿ, ಸೀಟಿನ ಕೆಳಗಿನ ಕಬ್ಬಿಣಕ್ಕೆ ಎಳೆದು ಬಿಗಿದಳು. ಇನ್ನು ಕಾಯಿ ಎಷ್ಟಾದರೂ ಗುದ್ದಲಿ! ಒಂದೇ ಕಿಕ್ಕಿಗೆ ಗಾಡಿ ಎದ್ದಿತು.

ಇತ್ತ ನನ್ನ ಪಾಡು ಕೇಳಬೇಡಿ. ಸೋಡಾ ಕುಡಿದು ಒಳಗೆ ಬಂದ ಜನಕ್ಕೆ ಜಾಹೀರಾತಿನ ಸ್ಲೈಡುಗಳನ್ನು ತಿರುಗಿಸಿ ಮುರುಗಿಸಿ ತೋರಿಸುತ್ತಿದ್ದೆ. ಸಂಗಯ್ಯನವರು ಕ್ಯಾಬಿನ್ನಿಗೇ ಬಂದು ನಿಂತಿದ್ದರು.

"ಇಂಟರ್ವಲ್ ಮುಗೀತಲ್ಲೋ, ಬಾಬುಸಾಬ."

"ಸ್ಲೈಡ್ ಮುಗಿಯೂತನಕಾ ಇಂಟರ್ವಲ್ ಇರ್ತೈತ್ರಿ."

ಅಷ್ಟರಲ್ಲಿ ಗಾಡಿಯ ಸದ್ದು ಕೇಳಿತು. ಹೊರಗಿನ ಮೆಟ್ಟಿಲ ಮೇಲೆ ಸಿದ್ದವ್ವ ಡಬ್ಬಿಯನ್ನು ತಲೆಯ ಮೇಲೆ ಹೊತ್ತು, ಮುಖದ ತುಂಬ ಧೂಳು ಹೊತ್ತು ಏರಿ ಬಂದಳು. ಅಂಗಳದಲ್ಲಿದ್ದವರು ಚಪ್ಪಾಳೆ ತಟ್ಟಿದರು. ನಾನು ರೀಲು ಹಾಕಿದೆ. ಪರದೆ ಬೆಳಗಿತು. ಬೈಯುತ್ತಿದ್ದ ಬಾಯಿಗಳೆಲ್ಲ ಸೀಟಿ ಹೊಡೆದವು. ನನಗಾದಷ್ಟು ಖುಷಿ ಆ ಚಿತ್ರದ ನಿರ್ಮಾಪಕನಿಗೂ ಆಗಿರಲಿಕ್ಕಿಲ್ಲ.

"ಯಾಕ ತಡಾ ಆತು?" ಎಂದರು ಸಂಗಯ್ಯನವರು.

"ಗಾಡಿ ನಿಂತಿತ್ರಿ. ನಾನ ಬಂದ್ ಮಾಡಿದ್ದೆ, ನಾನ ಚಾಲೂ ಮಾಡ್ಕೊಂಡ ಬಂದೆ. ನಾಳಿ ಬ್ಯಾರೆ ಮನಷಾ ಬರ್ತಾನೇನ್ರಿ?"

ಸಂಗಯ್ಯನವರು ಕಿಂಡಿಯಿಂದ ತುಂಬಿದ ಟಾಕೀಸನ್ನು ನೋಡಿದರು. "ಬಂದ್ರ ಟಿಕೀಟ ತಗೊಂಡ ಸಿನಿಮಾ ನೋಡ್ಲಿ. ಡಬ್ಬಿ ನೀ ತಾ."

ಶಂಕ್ರಪ್ಪನ ಕಾಲು ನೆಟ್ಟಗಾದ ಮೇಲೂ ಗಾಡಿ ಹೊಡೆದದ್ದು ಸಿದ್ದವ್ವನೇ. ಅವನು ಡಬ್ಬಿ ಹಿಡಿದುಕೊಂಡು ಹಿಂದಿನ ಸೀಟಿನಲ್ಲಿ ಕೂತು ಬರುತ್ತಿದ್ದ.