ವಾಗ್ದೇವಿ ಎಂಬವರು ನಮ್ಮಲ್ಲಿಲ್ಲ

ಓಟು ಹಾಕುವ ಮೊದಲು ಬೆರಳಿಗೆ ಹಚ್ಚುವ ಆ ಶಾಯಿಯ ಕಟು ವಾಸನೆ ಮೂಗಿಗೆ ಬಡಿದರೆ ಸಾಕು, ಇಂದಿಗೂ ನನ್ನ ಕಾಲು ಒಂದೆಡೆ ನಿಲ್ಲುವುದಿಲ್ಲ. ಸಾಲಿನಲ್ಲಿ ಚಡಪಡಿಸುತ್ತೇನೆ, ಹಿಂದಿನವರು ಗೊಣಗುತ್ತಾರೆ. ಗೊಣಗಲಿ. ಮುಂಬಯಿಯ ಕುರ್ಲಾದಲ್ಲಿ ಒಂದೊಂದೇ ಖೋಲಿಯ ಮನೆಗಳಿದ್ದ ನಮ್ಮ ಚಾಳು, ಭರ್ರೆನ್ನುವ ಸ್ಟವ್, ಅದರ ಮುಂದೆ ಅಮ್ಮ, ಎಲ್ಲ ಕಣ್ಣಿಗೆ ಕಟ್ಟುತ್ತದೆ.

ಉಡುಪಿ ಕಡೆಯಿಂದ ಬಂದ ಅಪ್ಪ ಪಾರ್ಲೆಯ ಹೋಟೆಲಿನಲ್ಲಿ ಅಡುಗೆಯವರು; ಮುಂಜಾನೆಯೇ ಲೋಕಲ್ ರೈಲು ಹಿಡಿಯುತ್ತಿದ್ದರು. ದೇಶದ ಮೊದಲ ಚುನಾವಣೆಗೆ ಹೆಸರು ಬರೆದುಕೊಳ್ಳಲು ಬಂದವನಿಗೆ ಅಮ್ಮ "ಇವರ ಹೆಂಡತಿ" ಎಂದಷ್ಟೇ ಹೇಳಿದ್ದಳಂತೆ. ಸ್ವಂತ ಹೆಸರಿಲ್ಲದವರಿಗೆ ಓಟೂ ಇಲ್ಲವೆಂದು ಪಟ್ಟಿಯಿಂದ ತೆಗೆದೇಬಿಟ್ಟರು. ಚಾಳಿನ ಹೆಂಗಸರು ಶಾಯಿಯ ಬೆರಳು ತೋರಿಸಿಕೊಂಡು ಓಡಾಡಿದ್ದನ್ನು ಅವಳು ಮರೆಯಲಿಲ್ಲ. ಐದು ವರ್ಷ ಕಾದಳು. ಎರಡನೆಯ ಚುನಾವಣೆಯ ಹೊತ್ತಿಗೆ ನನಗೆ ಒಂಬತ್ತು. ಆ ಬೆಳಗ್ಗೆ ಅವಳಿಗೆ ಕೂತಲ್ಲಿ ಕೂರಲಾಗಲಿಲ್ಲ; ಮದುವೆಯ ಸೀರೆ ಉಟ್ಟಳು, ಬಿಚ್ಚಿದಳು, ಮತ್ತೆ ಅದನ್ನೇ ಉಟ್ಟಳು, ನಡುವೆ ಹಾಲು ಉಕ್ಕಿಸಿದಳು. "ಬೇಗ ಬಾ ಮಾರಾಯ್ತಿ, ಪೆಟ್ಟಿಗೆ ಮುಚ್ಚಿದ್ರೆ ಎಂತ ಮಾಡುದು?" ಎಂದು ನನ್ನನ್ನು ಎಳೆದುಕೊಂಡೇ ಹೋದಳು. ಗಂಟೆ ಎಂಟೂ ಆಗಿರಲಿಲ್ಲ.

ಹಿಂದಿನ ವಾರ ಅಮ್ಮ ನಲ್ಲಿಗೆ ಹೋಗಿದ್ದಾಗ ಪಕ್ಷದ ಚೀಟಿ ಹಂಚುವವನೊಬ್ಬ ಬಂದು, ವಾಗ್ದೇವಿ ಯಾರೆಂದು ಕೇಳಿದ್ದ. ಹಾಗೆಂಬವರು ನಮ್ಮಲ್ಲಿಲ್ಲ ಎಂದು ಕಳಿಸಿ ಆಟಕ್ಕೆ ಓಡಿದ್ದೆ. ಅಮ್ಮನಿಗೆ ಹೇಳಲೂ ಮರೆತಿದ್ದೆ.

ಮತಗಟ್ಟೆಯ ಅಧಿಕಾರಿ ಹೆಸರು ಕೇಳಿದಾಗ ಅಮ್ಮ ತಲೆಯೆತ್ತಿ "ವಾಗ್ದೇವಿ" ಎಂದಳು. ನಾನು ಬೆಪ್ಪಾಗಿ ಅವಳ ಮುಖ ನೋಡಿದೆ. ಬೆಂಚಿನಲ್ಲಿ ಕೂತಿದ್ದ ಅದೇ ಚೀಟಿಯವನು ತಟ್ಟನೆ ಎದ್ದ. ಆ ಖೋಲಿಯಲ್ಲಿ ಅಂಥವರು ಯಾರೂ ಇಲ್ಲ, ಈ ಹುಡುಗಿಯೇ ತನಗೆ ಹೇಳಿದ್ದಾಳೆ ಎಂದ. ಅಧಿಕಾರಿ ಕನ್ನಡಕದ ಮೇಲಿಂದ ನನ್ನನ್ನು ನೋಡಿ, ನಿನ್ನ ತಾಯಿಯ ಹೆಸರೇನೆಂದು ಮರಾಠಿಯಲ್ಲಿ ಮೆತ್ತಗೆ ಕೇಳಿದರು. ಬಾಯಿಗೆ ಬೀಗವಿಲ್ಲದ ನಾನು, ಶಾಲೆಯಲ್ಲಿ ಮಗ್ಗಿ ಒಪ್ಪಿಸುವ ಹಾಗೆ, ಗಟ್ಟಿಯಾಗಿ ಹೇಳಿದೆ: "ಸೀತಾ!" ಹಿಂದೆ ನಿಂತಿದ್ದ ಪಕ್ಕದ ಖೋಲಿಯ ಕಾಕೂ ಕೂಡ ಹೌದೆಂದು ತಲೆಯಾಡಿಸಿದಳು. ಅಮ್ಮ ಏನೋ ಹೇಳಹೊರಟಳು. ಅವಳ ಮರಾಠಿ ಅಷ್ಟಕ್ಕೆ ಸಾಲಲಿಲ್ಲ. ಶಾಯಿಯ ಬಾಟಲಿ ಅವಳ ಬೆರಳಿನಿಂದ ಒಂದು ಗೇಣು ದೂರದಲ್ಲಿತ್ತು. ನಮ್ಮನ್ನು ವಾಪಸು ಕಳಿಸಿದರು.

"ನಾನು ಸುಳ್ಳು ಹೇಳಿದ್ನಾ ಅಮ್ಮಾ?" ದಾರಿಯಲ್ಲಿ ಕೇಳಿದೆ.

"ಇಲ್ಲ ಮಗಾ. ಮದುವೆ ದಿನ ಅಕ್ಕಿ ಮೇಲೆ ಉಂಗುರದಲ್ಲಿ ಸೀತಾ ಅಂತ ಬರೆಸಿದ್ರು. ಅದು ಗಂಡನ ಮನೆಯವರು ಇಟ್ಟದ್ದು. ಈ ಸಲ ಪಟ್ಟಿಯವ, 'ನಿಮ್ಮದೇ ಹೆಸರು ಹೇಳಿ' ಅಂದ. ನನ್ನದೇ ಹೇಳಿದೆ."

ಮುಂದಿನ ಚುನಾವಣೆಗೆ ಅಪ್ಪ ಸೀತಾ ಎಂದು ಬರೆಸಿದರು. ಅಮ್ಮ ಪ್ರತಿ ಸಲವೂ ಓಟು ಹಾಕಿ ಬಂದಳು, ಮನೆಯಲ್ಲುಡುವ ಸೀರೆಯಲ್ಲೇ. ಅವಸರ ಮಾಡಿದ್ದನ್ನು ಮತ್ತೆ ನಾನು ಕಾಣಲಿಲ್ಲ. ಈಗ ಚಾಳೂ ಇಲ್ಲ, ಆ ಕಾಕೂವೂ ಇಲ್ಲ. ನಿಮ್ಮ ಅಮ್ಮಂದಿರಿಗೂ ಇಂಥದೊಂದು ಹೆಸರು ಇದ್ದಿರಬಹುದು, ಕೇಳಿದ್ದೀರಾ?

ಅಮ್ಮ ತೀರಿಕೊಂಡ ದಿನ ಸ್ಮಶಾನದ ಗುಮಾಸ್ತ ಹೆಸರು ಕೇಳಿದ. ಈ ಸಲವಾದರೂ ಸರಿಯಾಗಿ ಹೇಳಬೇಕೆಂದು ಬಾಯಿ ತೆರೆದೆ. ಕೈಯಲ್ಲಿದ್ದ ಕಾಗದಗಳಲ್ಲೆಲ್ಲ ಇನ್ನೊಂದು ಹೆಸರಿತ್ತು.

"ಸೀತಾ" ಎಂದೆ.