ಜಾಲಿ ಸೊಪ್ಪಿನ ಒಗರು

ಹೊಳಲ್ಕೆರೆ ಹತ್ತಿರದ ಹೊಲದಲ್ಲಿ ನಾನೂ ಗಂಡನೂ ಕುರಿ ಸಾಕುತ್ತೇವೆ. ಬೇಸಿಗೆಗೆಂದು ಜಾಲಿ ಸೊಪ್ಪನ್ನು ಹಸಿ ಮೆಕ್ಕೆಜೋಳದ ದಂಟಿನ ಜೊತೆ ಕತ್ತರಿಸಿ, ಬೆಲ್ಲದ ನೀರು ಚಿಮುಕಿಸಿ, ಪ್ಲಾಸ್ಟಿಕ್ ಚೀಲಗಳಲ್ಲಿ ಗಾಳಿಯಾಡದಂತೆ ತುಳಿದು ರಸಮೇವು ಮಾಡಿಡುತ್ತೇನೆ. ಒಳಗೆ ಹುಳಿ ಬಂದಂತೆ ಸೊಪ್ಪಿನ ಒಗರು ತಗ್ಗುತ್ತದೆ. ಪೂರ್ತಿ ಹೋಗುವುದಿಲ್ಲ. ಟ್ಯಾನಿನ್ ಎಂಬ ಆ ಒಗರು ಹದವಾಗಿದ್ದರೆ ಮೇವಿನ ಸತ್ವವನ್ನು ಕುರಿಯ ಮೊದಲ ಹೊಟ್ಟೆಯಲ್ಲಿ ಹಾಳಾಗಲು ಬಿಡದೆ ಹಿಡಿದಿಟ್ಟು, ಮುಂದಿನ ಹೊಟ್ಟೆಯಲ್ಲಿ ಬಿಟ್ಟುಕೊಡುತ್ತದೆ. ಅತಿಯಾದರೆ ಹಿಡಿದದ್ದನ್ನು ಬಿಡುವುದೇ ಇಲ್ಲ; ಕುರಿ ತಿಂದೂ ಸೊರಗುತ್ತದೆ.

ಇದನ್ನೆಲ್ಲ ಹೊಸದುರ್ಗದಿಂದ ಬಂದ ಒಬ್ಬನ ಕ್ಯಾಮೆರಾ ಮುಂದೆ ಬಿಡಿಸಿ ಹೇಳಿದ್ದೆ. ಕೃಷಿ ವಿಡಿಯೊ ಮಾಡಿ ಮೊಬೈಲಿಗೆ ಹಾಕುವವನು.

ಕೆಲವು ತಿಂಗಳಾದ ಮೇಲೆ ತುರುವನೂರು ಕಡೆಯ ಹೆಂಗಸೊಬ್ಬಳು ವಿಚಾರಿಸಿಕೊಂಡು ಮನೆಗೇ ಬಂದಳು. “ಕುಂತ್ಕಳ್ರಿ” ಅಂದರೂ ಕೂರಲಿಲ್ಲ.

“ನೀವು ಹೇಳ್ದಂಗೇ ಬರೀ ಜಾಲಿ ಸೊಪ್ಪು ತುಂಬಿಟ್ಟು, ಅದೊಂದನ್ನೇ ಹಾಕಿದೆ ಕಣಕ್ಕ. ಕುರಿ ಮೆಲುಕೇ ಹಾಕ್ತಿಲ್ಲ, ಹಿಕ್ಕೆ ಕಲ್ಲಾಗ್ಯವೆ. ಒಂದು ಸತ್ತೇ ಹೋತು.”

“ನಾನ್ಯಾವಾಗ ಹಂಗಂದೆ?”

ಮೊಬೈಲ್ ಮುಂದೆ ಹಿಡಿದಳು. ನನ್ನದೇ ಮುಖ. “ಒಗರು ಕಮ್ಮಿ ಆಗ್ತೈತೆ” ಅನ್ನುತ್ತಿದ್ದೇನೆ. ಆ ವಿಡಿಯೊದವನು ಅಲ್ಲಿಗೆ ಕತ್ತರಿಸಿದ್ದ. ಆಮೇಲೆ ಅವನ ದನಿ: “ನೋಡಿದ್ರಲ್ಲ, ಒಗರು ಪೂರಾ ಮಾಯ! ಬೇರೆ ಮೇವೇ ಬೇಡ!” ಮೆಕ್ಕೆಜೋಳದ ದಂಟಿಲ್ಲ, ಬೆಲ್ಲವಿಲ್ಲ, ಎಷ್ಟು ಹಾಕಬೇಕೆಂಬ ಮಾತಿಲ್ಲ.

ನನ್ನ ಮೈ ಉರಿದುಹೋಯಿತು. ಆ ಮೇವು ಇವತ್ತೇ ನಿಲ್ಲಿಸಿ, ಒಣ ಶೇಂಗಾ ಹೊಟ್ಟು ಹಾಕಿ ಡಾಕ್ಟರಿಗೆ ತೋರಿಸಲು ಹೇಳಿದೆ. ಉಳಿದ ಕುರಿಗಳು ಸ್ವಲ್ಪ ಚೇತರಿಸಿಕೊಂಡ ಮೇಲೆ ನಾನೂ ಅವಳೂ ಹೊಸದುರ್ಗದ ಬಸ್ಸು ಹತ್ತಿದೆವು.

ಪೇಟೆಯಲ್ಲಿದ್ದ ಅವನ ಕೋಣೆಗೆ ಹೋದರೆ, ಅವನು ನಗುತ್ತ ಟೀ ತರಿಸಲು ಹೊರಟ. “ಉದ್ದ ಇದ್ರೆ ಯಾರೂ ನೋಡಲ್ಲಕ್ಕ. ಮುಂದಿನ ವಿಡಿಯೊದಾಗೆ ಹೇಳಾಣ ಬಿಡ್ರಿ.”

“ಕಮ್ಮಿ ಅಂದೋಳು ನಾನು, ಮಾಯ ಅಂದೋನು ನೀನು. ಬೈಸ್ಕಳಾಕೆ ಮಾತ್ರ ನನ್ನ ಮುಖ ಬೇಕಾ? ಅಳಿಸೋ ಅದನ್ನ!”

ನನ್ನ ಕೂಗಿಗೆ ಅಕ್ಕಪಕ್ಕದ ಅಂಗಡಿಯವರು ಬಂದು ನಿಂತರು. ಜೊತೆಗೆ ಬಂದವಳು ಬಾಗಿಲಿಗೆ ಅಡ್ಡ ಕೂತೇ ಬಿಟ್ಟಳು: “ಸತ್ತ ಕುರಿ ಉದ್ದ ಐತೋ ಗಿಡ್ಡ ಐತೋ, ಬಂದು ನೋಡು ಬಾರಪ್ಪ.” ಜನರಿಗೆ ಅಂಜಿ ಅಳಿಸಿದ. ತಪ್ಪಾಯಿತು ಅನ್ನಲಿಲ್ಲ.

ಅವಳ ಉಳಿದ ಕುರಿಗಳು ಬದುಕಿಕೊಂಡವು. ವಿಡಿಯೊ ಮಾತ್ರ ಅಷ್ಟರಲ್ಲೇ ಕೈಯಿಂದ ಕೈಗೆ ಹೋಗಿಬಿಟ್ಟಿತ್ತು. ಮೊನ್ನೆ ಹಿರಿಯೂರಿನಿಂದ ಒಬ್ಬ ಫೋನ್ ಮಾಡಿ, ಚೀಲಕ್ಕೆ ಬರೀ ಸೊಪ್ಪು ತುಂಬುತ್ತಿದ್ದೇನೆ ಎಂದ. ನಿಲ್ಲಿಸ್ರಿ ಎಂದು ಕಿರುಚಿಬಿಟ್ಟೆ. ಆಮೇಲೆ ಹಲ್ಲು ಕಚ್ಚಿಕೊಂಡು, ಮೊದಲಿನಿಂದ ಎಲ್ಲವನ್ನೂ ಹೇಳಿದೆ.