ಬಾಣಂತಿಯ ಬಿಸಿನೀರು

ಮೊದಲ ಹೆರಿಗೆಗೆಂದು ನಾನು ಅಜ್ಜಂಪುರದ ಹತ್ತಿರವಿರುವ ತವರಿಗೆ ಬಂದಿದ್ದೆ. ಆಗ ಕಡೂರಿನ ಕಾಲೇಜೊಂದರಲ್ಲಿ ಪಿಯುಸಿ ಮಕ್ಕಳಿಗೆ ಭೌತಶಾಸ್ತ್ರ ಹೇಳಿಕೊಡುತ್ತಿದ್ದೆ. ಬಾಣಂತನಕ್ಕಾಗಿ ಅಮ್ಮ ದಿನಾ ಹಂಡೆ ಒಲೆಯ ಮುಂದೆ ಹೊಗೆ ಕುಡಿಯುವುದು ಬೇಡವೆಂದು ನನ್ನ ತಮ್ಮ ತರೀಕೆರೆಯಿಂದ ಗೀಸರ್ ತಂದು ಬಚ್ಚಲಲ್ಲಿ ಹಾಕಿಸಿದ.

ಬೆಳಿಗ್ಗೆ ಮೊದಲು ಮಗುವಿಗೆ ನೀರು, ಆಮೇಲೆ ನನಗೆ. ಮಗುವಿಗೆ ಸಾಲುವಷ್ಟು ಹೇಗೋ ಕಾಯುತ್ತಿತ್ತು. ನನ್ನ ಸರದಿ ಬರುವ ಹೊತ್ತಿಗೆ ನಳದಲ್ಲಿ ಉಗುರುಬೆಚ್ಚಗಿನ ನೀರು. ಬಾಣಂತಿಗೆ ಎರೆಯುವ ನೀರು ಹಬೆಯಾಡಬೇಕೆಂದು ನಂಬಿದವಳು ಅಮ್ಮ.

"ಇದು ಕಾಯಲ್ಲ ಕಣೋ. ಅಂಗಡಿಯೋನು ಕೆಟ್ಟಿರೋದನ್ನ ಕೊಟ್ಟು ಕಳಿಸವ್ನೆ ನಿಂಗೆ" ಎಂದು ತಮ್ಮನಿಗೆ ಹೇಳಿದಳು.

ತಮ್ಮ ಅದನ್ನು ಬಿಚ್ಚಿಸಿ ತರೀಕೆರೆಯ ಅಂಗಡಿಗೆ ಒಯ್ದ. ಅಲ್ಲಿ ಅವನ ಕಣ್ಣೆದುರೇ ನೀರು ಚೆನ್ನಾಗಿ ಕಾಯಿತು. ಹಾಗೇ ಹೊತ್ತು ತಂದು ಮತ್ತೆ ಹಾಕಿಸಿದ.

"ಅಂಗಡೀಲಿ ಕೈ ಇಡಕ್ಕಾಗ್ಲಿಲ್ಲ, ಹಂಗೆ ಸುಡ್ತಿತ್ತು. ನಿಂಗೆ ಒಲೆ ಬಿಟ್ರೆ ಯಾವ್ದೂ ಸರಿಬರಲ್ಲ ಬಿಡಮ್ಮ."

ಅಮ್ಮ ಮಾರನೆಯ ಬೆಳಿಗ್ಗೆ ನೀರು ಮುಟ್ಟಿ ನೋಡಿ, ಸೀದಾ ಹೋಗಿ ಒಲೆ ಹೊತ್ತಿಸಿದಳು. ಅಂದಿನಿಂದ ತಮ್ಮನನ್ನು ಮಾತಾಡಿಸುವುದನ್ನೇ ಬಿಟ್ಟಳು.

ನಾನು ಕಿವಿಗೆ ಬಟ್ಟೆ ಸುತ್ತಿಕೊಂಡು ಮಂಚದ ಮೇಲೆ ಬಿದ್ದಿರುತ್ತಿದ್ದೆ. ಪಕ್ಕದ ಕೋಣೆಯ ಫ್ಯಾನು ಬೆಳಗಿನ ಹೊತ್ತು ತೀರಾ ನಿಧಾನವಾಗಿ ತಿರುಗುವುದು ಕಾಣುತ್ತಿತ್ತು. ತಮ್ಮನಿಗೆ ಬೋರ್‌ವೆಲ್ ಮೋಟಾರು ರಿಪೇರಿ ಮಾಡುವ ಗೆಳೆಯನೊಬ್ಬನಿದ್ದ. ವೋಲ್ಟೇಜು, ಕರೆಂಟು ಅಳೆಯುವ ಅವನ ಮೀಟರ್ ಕೇಳಿ ತರಲು ಹೇಳಿದೆ.

ಮರುದಿನ ಬೆಳಿಗ್ಗೆ ಗೀಸರ್ ಹಾಕಿ ತಮ್ಮ ಅಳೆದ. ನೂರ ಅರವತ್ತೊಂದು ವೋಲ್ಟ್. ವೈರಿನಲ್ಲಿ ಹರಿಯುತ್ತಿದ್ದದ್ದು ಆರು ಪಾಯಿಂಟ್ ಒಂದು ಆಂಪಿಯರ್. ಗೀಸರ್ ಮೇಲೆ ಬರೆದಿದ್ದದ್ದು ಇನ್ನೂರ ಮೂವತ್ತು ವೋಲ್ಟ್, ಎರಡು ಸಾವಿರ ವಾಟ್. ಅದರಂತೆ ಎಂಟು ಪಾಯಿಂಟ್ ಏಳು ಆಂಪಿಯರ್ ಹರಿಯಬೇಕಿತ್ತು. ವೋಲ್ಟನ್ನು ಆಂಪಿಯರಿನಿಂದ ಭಾಗಿಸಿದರೆ ನೀರು ಕಾಯಿಸುವ ಕಾಯಿಲಿನ ರೋಧ ಸಿಗುತ್ತದೆ. ಎರಡೂ ಲೆಕ್ಕದಲ್ಲಿ ಬಂದದ್ದು ಸುಮಾರು ಇಪ್ಪತ್ತಾರೂವರೆ ಓಮ್. ಕಾಯಿಲಿಗೆ ಏನೂ ಆಗಿರಲಿಲ್ಲ. ಆದರೆ ವೋಲ್ಟನ್ನೂ ಆಂಪಿಯರನ್ನೂ ಗುಣಿಸಿದಾಗ ಸಾವಿರ ವಾಟೂ ತುಂಬಲಿಲ್ಲ.

"ಗೀಸರ್ ಚೆನ್ನಾಗೈತೆ. ಆದ್ರೆ ಅರ್ಧ ಬಿಸೀನೂ ಕೊಡ್ತಿಲ್ಲ" ಎಂದೆ.

"ವೋಲ್ಟೇಜು ಅರ್ಧಕ್ಕೆ ಇಳಿದಿಲ್ವಲ್ಲಕ್ಕ?"

"ವೋಲ್ಟೇಜು ಇಳಿದ್ರೆ ಕರೆಂಟೂ ಅದರ ಜೊತೇಲೆ ಇಳಿಯುತ್ತೆ. ಎರಡು ಕಡೆಯಿಂದ್ಲೂ ಕಮ್ಮಿ ಆಗುತ್ತೆ ಕಣೋ."

ಬಾಗಿಲಲ್ಲಿ ನಿಂತಿದ್ದ ಅಮ್ಮ ಕೇಳಿದಳು: "ಹಂಗಾದ್ರೆ ನಾನು ಹೇಳಿದ್ದು ನಿಜ ತಾನೆ?"

"ನಿಜ ಕಣಮ್ಮ. ಅವನು ಹೇಳಿದ್ದೂ ನಿಜ. ಅಂಗಡೀಲಿ ವೋಲ್ಟೇಜು ಪೂರ್ತಿ ಇರುತ್ತೆ."

ಬೆಳಿಗ್ಗೆ ತೋಟಗಳಿಗೆ ಕೊಡುವ ತ್ರೀ-ಫೇಸ್ ಕರೆಂಟು ಬಂದಾಗ ಸುತ್ತಲಿನ ಪಂಪ್‌ಸೆಟ್ಟುಗಳೆಲ್ಲ ಒಟ್ಟಿಗೆ ಓಡಿ ವೋಲ್ಟೇಜನ್ನು ಇಳಿಸಿಬಿಡುತ್ತಿದ್ದವು. ಅದು ಹೋದ ಮೇಲೆ ತಮ್ಮ ಮತ್ತೆ ಅಳೆದ. ಇನ್ನೂರ ಇಪ್ಪತ್ತು ವೋಲ್ಟ್ ದಾಟಿತ್ತು. ಸ್ನಾನವನ್ನು ಆ ಹೊತ್ತಿಗೆ ಇಟ್ಟುಕೊಳ್ಳೋಣವೆಂದೆ. ಹೊತ್ತೇರಿದ ಮೇಲೆ ಬಾಣಂತಿಗೆ ಎರೆಯುವುದು ಯಾವ ಊರಿನ ಪದ್ಧತಿ ಎಂದು ಅಮ್ಮ ಗೊಣಗಿದಳು. ಸಂಜೆಯವರೆಗೂ ಒಪ್ಪಲಿಲ್ಲ. ಕೊನೆಗೆ, ಬಿಸಿಲಿದ್ದರೆ ತಲೆಯಾದರೂ ಬೇಗ ಒಣಗುತ್ತದೆ ಎಂದು ತಾನೇ ಒಂದು ಕಾರಣ ಹುಡುಕಿಕೊಂಡಳು.

ಮರುದಿನ ತ್ರೀ-ಫೇಸ್ ಹೋದ ಮೇಲೆ ಮಗು ಮಿಂದು ಮಲಗಿತು. ಆಮೇಲೆ ನಾನು ಕೂತೆ. ಮೊದಲ ಚೊಂಬು ಬೆನ್ನಿಗೆ ಬಿದ್ದದ್ದೇ ಕಿರುಚಿದೆ. ಅಮ್ಮ ತೊಟ್ಟಿಗೆ ಕೈಯಿಟ್ಟು ತಟ್ಟನೆ ಹಿಂದಕ್ಕೆಳೆದುಕೊಂಡಳು. ಬಾಗಿಲಾಚೆ ಇದ್ದ ತಮ್ಮನನ್ನು ಅಷ್ಟು ದಿನಗಳ ಮೇಲೆ ಅವಳೇ ಮಾತಾಡಿಸಿದಳು:

"ಲೇ, ಒಂದು ಕೊಡ ತಣ್ಣೀರು ತತ್ತಾರೋ!"